ಕಲೆ ಉಳಿಸೋದು ಆಮೇಲೆ, ಮೊದಲು ನೋಡೋಕೆ ಬನ್ನಿ: ದುರ್ಗದ ಜನಕ್ಕೊಂದು ಬಹಿರಂಗ ಪತ್ರ

ಚಿತ್ರದುರ್ಗದ ಅಣ್ಣಂದಿರೇ, ಅಕ್ಕಂದಿರೇ, ವಾರದ ಕೊನೆಗೆ ಬೆಂಗಳೂರಿನಿಂದ ಬಂದುಹೋಗುವ ಮಕ್ಕಳೇ,

ನಮಸ್ಕಾರ.

ನಮ್ಮೂರಲ್ಲಿ ವೇದಿಕೆ ಹತ್ತಿದವರು ಯಾರೇ ಆಗಲಿ, ಒಂದು ಮಾತು ಹೇಳದೆ ಕೆಳಗಿಳಿಯುವುದಿಲ್ಲ. "ನಮ್ಮ ಜನಪದ ಕಲೆಗಳು ನಶಿಸಿ ಹೋಗುತ್ತಿವೆ, ಅವನ್ನು ಉಳಿಸಿ ಬೆಳೆಸಬೇಕು." ಚಪ್ಪಾಳೆ ಬೀಳುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗುತ್ತದೆ. ಆಮೇಲೆ ಆ ಮಾತು ಹೇಳಿದವರು "ಇನ್ನೊಂದು ಕಾರ್ಯಕ್ರಮ ಇದೆ" ಅಂತ ಕಾರು ಹತ್ತುತ್ತಾರೆ. ಅವರ ಹಿಂದೆಯೇ ಅರ್ಧ ಸಭೆ ಎದ್ದು ಹೋಗುತ್ತದೆ. ಉಳಿಸಿ ಬೆಳೆಸಬೇಕಾದ ಕಲೆ ಆ ಹೊತ್ತಿಗೆ ವೇದಿಕೆಯ ಹಿಂದೆ ಗೆಜ್ಜೆ ಕಟ್ಟಿಕೊಂಡು ಕಾಯುತ್ತಾ ನಿಂತಿರುತ್ತದೆ.

ಈ ಪತ್ರದಲ್ಲಿ ನಾನು ಏನನ್ನೂ ಉಳಿಸಿ ಅಂತ ಕೇಳುವುದಿಲ್ಲ. ಬೆಳೆಸಿ ಅಂತಲೂ ಕೇಳುವುದಿಲ್ಲ. ಬಂದು ನೋಡಿ, ಅಷ್ಟೇ. ಕಲೆಯ ಮೇಲೆ ಕನಿಕರ ಪಟ್ಟು ಬರಬೇಡಿ. ಮಜಾ ಇರುತ್ತದೆ ಅಂತ ಬನ್ನಿ.

ನಾನು ದೊಡ್ಡಪೇಟೆ ಕಡೆಯ ಒಂದು ಗಲ್ಲಿಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸು. ಫಾಲ್ಸ್ ಹಾಕುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಶಾಲೆಗಳ ವಾರ್ಷಿಕೋತ್ಸವ ಬಂತು ಅಂದ್ರೆ ಡ್ಯಾನ್ಸ್ ಡ್ರೆಸ್ಸು. ಜಾತ್ರೆ ಕಾಲದಲ್ಲಿ ಹಳ್ಳಿಯವರು ನಾಟಕದ ಬಟ್ಟೆ ರಿಪೇರಿಗೆ ತರುತ್ತಾರೆ. ಊರಿನ ಸುದ್ದಿಯೆಲ್ಲ ನನ್ನ ಅಂಗಡಿ ಮುಟ್ಟಿಯೇ ಮುಂದಕ್ಕೆ ಹೋಗುವುದು. ಅಳತೆ ಕೊಡುತ್ತಾ ನಿಂತ ಹುಡುಗಿಯರು ಹೇಳುವ ಮಾತು ಮಾತ್ರ ಯಾವಾಗಲೂ ಒಂದೇ: "ಈ ಊರಲ್ಲಿ ಏನಿದೆ ಆಂಟಿ? ಕೋಟೆ ಬಿಟ್ರೆ ಏನೂ ಇಲ್ಲ. ಸಂಜೆ ಆದ್ರೆ ಸಿಕ್ಕಾಪಟ್ಟೆ ಬೋರು." ಶುಕ್ರವಾರ ರಾತ್ರಿ ಬಸ್ಸಿಗೆ ಬರುತ್ತಾರೆ, ಎರಡು ದಿನ ಮೊಬೈಲ್ ನೋಡುತ್ತಾರೆ, ಭಾನುವಾರ ಸಂಜೆ ವಾಪಸ್. ಅವರಮ್ಮಂದಿರೂ ತಲೆ ಆಡಿಸುತ್ತಾರೆ. ಅದಕ್ಕೇ ಈ ಪತ್ರ.

ಮೊದಲು ಕೋಟೆಯ ಮಾತು ಮುಗಿಸಿಬಿಡೋಣ. ಕೋಟೆ ದೊಡ್ಡದು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಅದರ ನೆರಳಲ್ಲಿ ಊರೇ ಕಾಣದಂಗಾಗಿದೆ. ನೆಂಟರು ಬಂದರೆ ಓಬವ್ವನ ಕಿಂಡಿ ತೋರಿಸಿ, ಏಕನಾಥಮ್ಮನ ಗುಡಿಗೆ ಕೈಮುಗಿಸಿ, ಕೆಳಗೆ ಬಂದು ಒಂದು ದೋಸೆ ತಿನ್ನಿಸಿ ಬಸ್ಸು ಹತ್ತಿಸುತ್ತೇವೆ. ಏಳು ಸುತ್ತಿನ ಕೋಟೆಯಲ್ಲಿ ನಾಲ್ಕು ಸುತ್ತು ಬೆಟ್ಟದ ಮೇಲೆ, ಮೂರು ಸುತ್ತು ನೆಲದ ಮೇಲೆ ಅಂತ ನಾವೇ ಹೆಮ್ಮೆಯಿಂದ ಹೇಳುತ್ತೇವೆ. ಹಾಗಾದರೆ ನಮ್ಮ ಹಳೇ ಪೇಟೆಯಲ್ಲಿ ಓಡಾಡಿದರೂ ಕೋಟೆಯೊಳಗೇ ಓಡಾಡಿದಂಗೆ ಅಲ್ವಾ? ರಂಗಯ್ಯನ ಬಾಗಿಲಲ್ಲಿ ಸರ್ಕಾರದ ವಸ್ತುಸಂಗ್ರಹಾಲಯ ಇದೆ. ಅದರ ಮುಂದೆ ದಿನಾ ಗಾಡಿಯಲ್ಲಿ ಹೋಗುವವರಲ್ಲಿ ಒಳಗೆ ಕಾಲಿಟ್ಟವರು ಎಷ್ಟು ಜನ? ಕೋಟೆ 1779ರಲ್ಲಿ ಹೈದರಾಲಿಯ ಪಾಲಾಯಿತು. ಪೇಟೆ ಹಾಗೆ ಯಾರ ಪಾಲೂ ಆಗಲಿಲ್ಲ. ಇವತ್ತಿಗೂ ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ನೀರು ಚಿಮುಕಿಸಿ ವ್ಯಾಪಾರ ಶುರು ಮಾಡುತ್ತದೆ.

ಸರಿ, ಇಲ್ಲಿ ಏನಿದೆ ಅಂತ ಕೇಳಿದ್ರಲ್ಲ.

ಯುಗಾದಿ ಕಳೆದ ಮೇಲೆ ಒಂದು ರಾತ್ರಿ ದೊಡ್ಡಪೇಟೆಯ ರಾಜಬೀದಿಗೆ ಬನ್ನಿ. ನಮ್ಮೂರ ದೇವತೆಗಳಾದ ಬರಗೇರಮ್ಮ, ತಿಪ್ಪಿನಘಟ್ಟಮ್ಮ ಅಕ್ಕ-ತಂಗಿಯರು ಅನ್ನೋದು ಊರಿನ ನಂಬಿಕೆ. ವರ್ಷಕ್ಕೊಂದೇ ಸಲ ಭೇಟಿ. ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು. ಆ ರಾತ್ರಿ ನಮ್ಮ ಬೀದಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಾಳಿಗೆ ಮೇಲೆ, ಅಂಗಡಿ ಮೆಟ್ಟಿಲ ಮೇಲೆ, ಕಿಟಕಿ ಸರಳು ಹಿಡಿದುಕೊಂಡು, ಎಲ್ಲಿ ನೋಡಿದರೂ ಜನ. ತಮಟೆ, ಉರುಮೆ ಶಬ್ದಕ್ಕೆ ಎದೆ ನಡುಗುತ್ತದೆ. ಇಬ್ಬರೂ ಹತ್ತಿರ ಬರುವುದನ್ನು ಕಾಯುವುದರಲ್ಲೇ ಅರ್ಧ ರಾತ್ರಿ ಹೋಗುತ್ತದೆ. ಭೇಟಿ ಆಗುವುದು ಮಾತ್ರ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ಅಷ್ಟಕ್ಕೆ ಬೀದಿ ಪೂರ್ತಿ ಹೋ ಅನ್ನುತ್ತದೆ. ನನ್ನ ಪಕ್ಕ ನಿಂತ ಹೆಂಗಸರು ಅಳುವುದನ್ನು ನೋಡಿದ್ದೇನೆ. ದೇವರ ಮೇಲಿನ ಭಕ್ತಿಗೋ, ತವರಿಗೆ ಹೋಗಿ ತಂಗಿಯನ್ನು ನೋಡದೆ ಎಷ್ಟು ದಿನವಾಯಿತು ಅಂತಲೋ, ಕೇಳೋಕೆ ಹೋಗಿಲ್ಲ.

ದೇವರನ್ನು ನಂಬದವರೂ ಬರಬಹುದು. ಯಾರೂ ಬಾಗಿಲಲ್ಲಿ ನಿಂತು ಕೇಳುವುದಿಲ್ಲ. ಟಿಕೆಟ್ ಇಲ್ಲ, ಪಾಸ್ ಇಲ್ಲ, ವಿಐಪಿ ಸಾಲು ಇಲ್ಲ. ಶಾಸಕರಿಗೂ ಒಂದೇ ನೂಕು, ನನಗೂ ಒಂದೇ ನೂಕು. ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ಮ್ಯೂಸಿಕ್ ಶೋಗೆ ಹೋಗಿ ನಿಂತುಕೊಂಡು ನೋಡುತ್ತೀರಂತೆ. ಇಲ್ಲಿ ಪುಕ್ಕಟೆ ನಿಂತುಕೊಳ್ಳಿ.

ಇನ್ನು ಬಯಲಾಟ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಆಟ ಕಲಿಯುತ್ತಾರೆ. ಕಲಿಸೋಕೆ ಒಬ್ಬ ಮೇಷ್ಟ್ರು. ಹಗಲೆಲ್ಲ ಹೊಲ, ರಾತ್ರಿ ಊಟ ಆದ ಮೇಲೆ ಗುಡಿ ಮುಂದೆ ತಾಲೀಮು. ಬೆಳಿಗ್ಗೆ ಡೇರಿಗೆ ಹಾಲು ಹಾಕುವವನು ಅರ್ಜುನ. ಟ್ರ್ಯಾಕ್ಟರ್ ಓಡಿಸುವವನು ದುರ್ಯೋಧನ. ಓದು ಬಾರದವನೂ ಇಡೀ ಪಾತ್ರದ ಮಾತು, ಪದ ಎಲ್ಲವನ್ನೂ ಕೇಳಿ ಕೇಳಿಯೇ ಬಾಯಿಪಾಠ ಮಾಡಿರುತ್ತಾನೆ. ಆಟದ ದಿನ ಹಲಗೆ ಜೋಡಿಸಿ ಅಟ್ಟ ಕಟ್ಟುತ್ತಾರೆ. ಹಲಗೆಯೇ ಯಾಕೆ ಅಂದ್ರೆ, ವೀರನ ಪಾತ್ರ ಹೆಜ್ಜೆ ಹಾಕಿದರೆ ಆ ಸದ್ದು ಊರ ಕೊನೆಗೂ ಕೇಳಬೇಕು. ಸಿಮೆಂಟಿನ ಸ್ಟೇಜಿನ ಮೇಲೆ ಕುಣಿದರೆ ಆ ಸದ್ದು ಬರುವುದಿಲ್ಲ. ದೊಡ್ಡ ದೊಡ್ಡ ರಂಗಮಂದಿರದಲ್ಲಿ ಬಯಲಾಟ ಸಪ್ಪೆ ಅನ್ನಿಸುವುದಕ್ಕೆ ಇದೂ ಒಂದು ಕಾರಣ ಅನ್ನೋದು ನನ್ನ ಲೆಕ್ಕ.

ಬಟ್ಟೆ ನನ್ನ ಕೈಗೆ ಬರುವುದರಿಂದ ಹೇಳುತ್ತೇನೆ. ಮಕಮಲ್ಲಿನ ನಿಲುವಂಗಿ, ಅದರ ಮೇಲೆ ಜರಿ, ಚಮಕಿ, ಭುಜಕೀರ್ತಿ, ಎದೆಹಾರ. ಎಲ್ಲ ಸೇರಿ ಎಷ್ಟು ಭಾರ ಅಂದ್ರೆ, ಮೇಜಿನ ಮೇಲೆ ಎತ್ತಿಡೋಕೆ ನನಗೆ ಎರಡು ಕೈ ಬೇಕು. ಅದನ್ನು ತೊಟ್ಟು, ಮೇಲೆ ಕಿರೀಟ ಇಟ್ಟುಕೊಂಡು, ಆ ಮನುಷ್ಯ ಬೆಳಗಿನ ಜಾವದವರೆಗೆ ಕುಣಿಯುತ್ತಾನೆ. ಕಂಕುಳ ಹೊಲಿಗೆ ಬಿಟ್ಟುಕೊಂಡು ಬರುತ್ತದೆ ಯಾವಾಗಲೂ. ಆ ಜಾಗಕ್ಕೆ ನಾನು ಎರಡು ಸಾಲು ಹೊಲಿಗೆ ಹಾಕಿ, ಒಳಗೆ ಕಾಟನ್ ಪಟ್ಟಿ ಕೊಟ್ಟು ಕಳಿಸುತ್ತೇನೆ. ಮುಂದಿನ ವರ್ಷ ಮತ್ತೆ ಬಿಟ್ಟುಕೊಂಡು ಬರುತ್ತದೆ. ಕುಣಿತ ಹಂಗಿರುತ್ತದೆ.

ನೀವು ಹೇಳೋದು ಗೊತ್ತು. "ರಾತ್ರಿಯೆಲ್ಲ ಯಾರು ಕೂರ್ತಾರೆ ಆಂಟಿ?" ಯಾರೂ ಕೂರುವುದಿಲ್ಲ ಕಣ್ರಪ್ಪಾ. ಪೂರ್ತಿ ಕೂರಬೇಕು ಅಂತ ಯಾರು ಹೇಳಿದ್ದು? ಬಯಲಾಟ ಸಿನಿಮಾ ಥರ ಅಲ್ಲ. ಚಾಪೆ, ಕಂಬಳಿ ತಗೊಂಡು ಹೋಗಿ. ಸಾರಥಿ ಬಂದು ಪಾತ್ರಗಳನ್ನು ಮಾತಾಡಿಸುತ್ತಾ ನಗಿಸುವಾಗ ಮುಂದೆ ಕೂತುಕೊಳ್ಳಿ. ಕಥೆ ಎಳೆದರೆ ಹಿಂದೆ ಹೋಗಿ ಮಿರ್ಚಿ-ಮಂಡಕ್ಕಿ ತಿನ್ನಿ, ಚಹಾ ಕುಡಿಯಿರಿ, ಪಕ್ಕದೂರಿನವರ ಹತ್ತಿರ ಮಳೆ-ಬೆಳೆ ಮಾತಾಡಿ. ನಿದ್ದೆ ಬಂದರೆ ಅಲ್ಲೇ ಮಲಗಿ. ಯುದ್ಧ ಶುರುವಾದರೆ ಹಿಮ್ಮೇಳವೇ ನಿಮ್ಮನ್ನು ಎಬ್ಬಿಸುತ್ತದೆ. ಕಥೆ ಹೇಗೂ ಎಲ್ಲರಿಗೂ ಗೊತ್ತು. ಇವನು ಹೇಗೆ ಮಾಡುತ್ತಾನೆ ಅಂತ ನೋಡೋಕೆ ಬಂದವರೇ ಎಲ್ಲ.

ಮಧ್ಯೆ ಮಧ್ಯೆ ಆಟ ನಿಲ್ಲಿಸಿ ಮೈಕಿನಲ್ಲಿ ಇನಾಮು ಕೂಗುವುದು ಕೆಲವರಿಗೆ ಕಿರಿಕಿರಿ. ನನಗಂತೂ ಅದು ಬಲು ಇಷ್ಟ. "ದ್ರೌಪದಿ ಪಾತ್ರಧಾರಿಗೆ ಅವರ ಸೋದರಮಾವ ನೂರೊಂದು ರೂಪಾಯಿ ಬಹುಮಾನ ಕೊಟ್ಟಿರುತ್ತಾರೆ, ಅವರಿಗೆ ಕಲಾ ಸಂಘದ ಪರವಾಗಿ ಧನ್ಯವಾದಗಳು." ದ್ರೌಪದಿ ಕಣ್ಣೀರು ಒರೆಸಿಕೊಂಡು, ನೋಟು ತಗೊಂಡು, ಕೈಮುಗಿದು, ಮತ್ತೆ ಕಣ್ಣೀರು ಹಾಕುತ್ತಾಳೆ. ಊರಿನವರ ಪಾಲಿಗೆ ಅವಳು ದ್ರೌಪದಿಯೂ ಹೌದು, ನಮ್ಮ ಮನೆ ಹುಡುಗನೂ ಹೌದು.

ಇಲ್ಲಿ ಅಧಿಕಾರಿಗಳಿಗೆ ಒಂದು ಮಾತು. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಅನ್ನೋ 2000ದ ಶಬ್ದಮಾಲಿನ್ಯ ನಿಯಮ ಸರಿಯಾಗಿಯೇ ಇದೆ. ಮಕ್ಕಳು ಓದಬೇಕು, ಕಾಯಿಲೆಯವರು ಮಲಗಬೇಕು. ಆದರೆ ಅದೇ ನಿಯಮದಲ್ಲಿ, ಸಾಂಸ್ಕೃತಿಕ ಮತ್ತು ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಆ ದಿನಗಳ ಮಾತು ಬಂದಾಗ ಡಿಜೆ ಮೆರವಣಿಗೆಯನ್ನು ಮಾತ್ರ ನೆನೆಸಿಕೊಳ್ಳಬೇಡಿ. ಬಯಲಾಟದ ಕಾಲವೂ ನೆನಪಿರಲಿ ಅಂತ ಜಿಲ್ಲೆಯಿಂದ ಒಂದು ಮಾತು ಮೇಲಕ್ಕೆ ಹೋಗಲಿ. ಆಟದವರಿಗೂ ಹೇಳುತ್ತೇನೆ. ಸಂಜೆ ಏಳಕ್ಕೇ ಶುರು ಮಾಡಿ. ಹನ್ನೆರಡಾದ ಮೇಲೆ ಮೈಕು ಬಂದ್ ಮಾಡಿ ಆಡಿ. ನಿಮ್ಮ ಅಜ್ಜಂದಿರು ಬರೀ ಗಂಟಲಲ್ಲೇ ಆಡುತ್ತಿದ್ದರು.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿದ್ದೀರಾ? ಓದು ಬರಹ ಇಲ್ಲದ ಅಜ್ಜಿ. ಸಾವಿರಾರು ಪದ, ಅಂದ್ರೆ ಹಾಡು, ನೆನಪಿನಲ್ಲೇ ಇಟ್ಟುಕೊಂಡಿದ್ದಳು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಟ್ಟಿತು. ಆ ಅಜ್ಜಿ ಪದ ಕಲಿತದ್ದು ವೇದಿಕೆಗೋಸ್ಕರ ಅಲ್ಲ. ಹಟ್ಟಿಯಲ್ಲಿ ಮದುವೆಗೆ, ಹಬ್ಬಕ್ಕೆ, ದೇವರಿಗೆ ಹಾಡುತ್ತಿದ್ದರು, ಕೇಳಿಸಿಕೊಳ್ಳುವವರು ಇದ್ದರು, ಕಲಿತಳು. ನಮ್ಮ ಮನೆಗಳಲ್ಲೂ ಸೋಬಾನೆ ಬಲ್ಲ ಅಜ್ಜಿಯರು ಇದ್ದಾರೆ. ಮದುವೆಯಲ್ಲಿ ಅವರು ಬಾಯಿ ತೆರೆಯುವಷ್ಟರಲ್ಲಿ ನಾವು ಸ್ಪೀಕರ್ ಹಾಕಿರುತ್ತೇವೆ. ಒಂದು ಅರ್ಧ ಗಂಟೆ ಆಫ್ ಮಾಡಿ ನೋಡಿ. ಒಬ್ಬಜ್ಜಿ ಶುರು ಮಾಡಿದರೆ ಇನ್ನೊಬ್ಬಜ್ಜಿ "ಅದು ಹಂಗಲ್ಲ ಕಣೇ" ಅಂತ ತಿದ್ದುತ್ತಾ ಸೇರಿಕೊಳ್ಳುತ್ತಾಳೆ. ಆ ಜಗಳವೇ ಚೆಂದ.

ನಾಟಕ ಬೇಕು ಅನ್ನುವವರಿಗೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಇದೆ. ಅಲ್ಲಿನ ಶಿವಸಂಚಾರ ತಂಡ 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡೆಲ್ಲ ತಿರುಗುತ್ತಿದೆ. ನವೆಂಬರ್ ಶುರುವಿನಲ್ಲಿ ನಾಟಕೋತ್ಸವ. ಗ್ರೀಕ್ ಮಾದರಿಯ ಬಯಲು ರಂಗಮಂದಿರ, ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ. ಅಲ್ಲಿ ಕೂರುವವರು ಯಾರು ಗೊತ್ತಾ? ಸುತ್ತಲ ಹಳ್ಳಿಯ ರೈತರು, ಹೆಂಗಸರು, ಶಾಲೆ ಮಕ್ಕಳು. ತೆಂಗಿನ ತೋಟದ ಕೆಲಸ ಮುಗಿಸಿ ಬಂದವರು ಗಂಭೀರ ನಾಟಕವನ್ನು ಮಿಸುಕಾಡದೆ ನೋಡುತ್ತಾರೆ. ಚೆನ್ನಾಗಿಲ್ಲದಿದ್ದರೆ ಎದ್ದೂ ಹೋಗುತ್ತಾರೆ. ನಗರದಲ್ಲಿ ನಾಟಕ ನೋಡೋಕೆ ಓದಿಕೊಂಡಿರಬೇಕು ಅಂತ ಒಂದು ಭಯ ಇದೆ. ಆ ಹಳ್ಳಿಯವರನ್ನು ನೋಡಿದರೆ ಅದು ಹೋಗುತ್ತದೆ.

ದಾವಣಗೆರೆ ನಮ್ಮಿಂದ ಬೇರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್ 15ಕ್ಕೆ. ಅಲ್ಲಿವರೆಗೆ ಎರಡೂ ಒಂದೇ ಮನೆ. ಅಲ್ಲಿನ ಕೆ.ಬಿ.ಆರ್. ಡ್ರಾಮಾ ಕಂಪನಿ, ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಹೆಸರು ಹೇಳಿದರೆ ನಮ್ಮ ತಾಯಂದಿರ ವಯಸ್ಸಿನವರ ಮುಖ ಇವತ್ತಿಗೂ ಅರಳುತ್ತದೆ. ಲೀಲಮ್ಮ 2010ರಲ್ಲಿ ತೀರಿಕೊಂಡರು. ಈಗ ದಾವಣಗೆರೆ ಹತ್ತಿರದ ಕೊಂಡಜ್ಜಿಯಲ್ಲಿ ವೃತ್ತಿ ರಂಗಭೂಮಿಗೆಂದೇ, ಅಂದ್ರೆ ಕಂಪನಿ ನಾಟಕಕ್ಕೆಂದೇ, ಸರ್ಕಾರದ ಒಂದು ರಂಗಾಯಣ ಆಗಿದೆ. ಕಂಪನಿ ನಾಟಕ ಅಂದ್ರೆ ಬರೀ ಡಬಲ್ ಮೀನಿಂಗ್ ಅಂತ ಮೂಗು ಮುರಿಯುವವರು ಒಂದು ಸಲ ಹೋಗಿ ನೋಡಿ ಬಂದು ಆಮೇಲೆ ಮೂಗು ಮುರಿಯಲಿ. ಡಬಲ್ ಮೀನಿಂಗ್ ಇರೋದೂ ನಿಜ. ನಗು ಬಂದರೆ ನಗೋಣ.

ಈಗ ಕಾರ್ಯಕ್ರಮ ಮಾಡುವವರಿಗೆ. ಸಂಘ, ಇಲಾಖೆ, ಮಠ, ಶಾಲೆ, ಎಲ್ಲರಿಗೂ ಸೇರಿಸಿಯೇ ಹೇಳುತ್ತೇನೆ, ಒಬ್ಬರ ಮೇಲೆ ಹಾಕಬೇಡಿ.

ಆಹ್ವಾನ ಪತ್ರಿಕೆ ತೆಗೆದು ನೋಡಿ. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಅಷ್ಟೂ ಹೆಸರು ದಪ್ಪ ಅಕ್ಷರದಲ್ಲಿ. ಕೊನೆಗೆ ಕಣ್ಣಿಗೂ ಕಾಣದಷ್ಟು ಸಣ್ಣಕ್ಷರದಲ್ಲಿ "ನಂತರ ಸಾಂಸ್ಕೃತಿಕ ಕಾರ್ಯಕ್ರಮ". ಹಾಡುವವರು ಯಾರು, ಎಷ್ಟು ಗಂಟೆಗೆ, ಹೆಸರಿಲ್ಲ. ಐದೂವರೆಗೆ ಅಂತ ಹಾಕಿರುತ್ತೀರಿ. ಏಳಕ್ಕೆ ಪ್ರಾರ್ಥನೆ. ಒಂಬತ್ತಕ್ಕೆ ವಂದನಾರ್ಪಣೆ. ನಾನು ಡ್ರೆಸ್ ಹೊಲಿದುಕೊಟ್ಟ ಮಕ್ಕಳು ಬಣ್ಣ ಹಚ್ಚಿಕೊಂಡು, ಊಟ ಇಲ್ಲದೆ, ಗೋಡೆಗೆ ಒರಗಿ ನಿದ್ದೆ ಮಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕೊನೆಗೆ "ಟೈಮ್ ಇಲ್ಲ, ಒಂದೇ ಹಾಡು" ಅಂತ ಕಳಿಸಿದರು. ವೀರಗಾಸೆಯವರನ್ನು ಅತಿಥಿಗಳ ಮುಂದೆ ಬಾಗಿಲಿಂದ ವೇದಿಕೆವರೆಗೆ ಕುಣಿಸಿ ಅಷ್ಟಕ್ಕೇ ಮುಗಿಸುವುದು ಇನ್ನೊಂದು ರೂಢಿ. ವೀರಗಾಸೆಗೆ ಒಡಪು ಅನ್ನೋ ಹೇಳಿಕೆಯ ಪದ್ಯ ಇದೆ, ಕಥೆ ಇದೆ, ಸಂಬಾಳ ವಾದ್ಯದ ಲಯ ಇದೆ. ಅದು ದಾರಿ ತೋರಿಸೋ ಕೆಲಸ ಅಲ್ಲ.

ತಿರುಗಿಸಿ ಮಾಡಿ ನೋಡಿ. ಹೇಳಿದ ಗಂಟೆಗೆ ಕಲೆ ಮೊದಲು. ಭಾಷಣ ಆಮೇಲೆ. ಯಾರು ಕೂರುತ್ತಾರೆ, ಯಾರು ಎದ್ದು ಹೋಗುತ್ತಾರೆ ಅಂತ ಗೊತ್ತಾಗಿಬಿಡುತ್ತದೆ. ಅದಕ್ಕೇ ಯಾರೂ ಮಾಡುತ್ತಿಲ್ಲ ಅನ್ನಿಸುತ್ತದೆ.

ಇನ್ನೊಂದು, ಹೆಂಗಸರ ಪರವಾಗಿ. ಕಾರ್ಯಕ್ರಮ ಎಷ್ಟು ಗಂಟೆಗೆ ಶುರು ಅನ್ನೋದಕ್ಕಿಂತ ಎಷ್ಟು ಗಂಟೆಗೆ ಮುಗಿಯುತ್ತದೆ ಅನ್ನೋದು ನಮಗೆ ಮುಖ್ಯ. ಅದನ್ನು ಯಾವ ಪತ್ರಿಕೆಯಲ್ಲೂ ಹಾಕುವುದಿಲ್ಲ. ಮುಗಿಯುವ ಹೊತ್ತು ಗೊತ್ತಿದ್ದರೆ ಅಡುಗೆ ಮಾಡಿಟ್ಟು, ಪಕ್ಕದ ಮನೆಯವರನ್ನು ಕರಕೊಂಡು ಬರಬಹುದು. ವಾಪಸ್ ಹೋಗೋಕೆ ಆಟೋಗೆ ಹೇಳಿಡಬಹುದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಮಗೆ ಉಚಿತ. ಒಳ್ಳೆಯದಾಯಿತು, ಗುಡಿಗೆ, ತವರಿಗೆ, ಜಾತ್ರೆಗೆ ಧೈರ್ಯವಾಗಿ ಹೋಗುತ್ತಿದ್ದೇವೆ. ಆದರೆ ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು, ಕತ್ತಲಾದ ಮೇಲೆ ಅದೂ ಕಡಿಮೆ. ದೊಡ್ಡ ಜಾತ್ರೆಗೆ ವಿಶೇಷ ಬಸ್ಸು ಬಿಡುವ ಹಾಗೆ, ತ.ರಾ.ಸು. ರಂಗಮಂದಿರದಲ್ಲಿ ನಾಟಕ ಇದ್ದ ರಾತ್ರಿ ನಾಲ್ಕು ದಿಕ್ಕಿಗೆ ಒಂದೊಂದು ಬಸ್ಸು ಕಳಿಸಿ ನೋಡಿ. ಮುಂದಿನ ಸಾಲಿನ ಸೋಫಾ ಬಿಟ್ಟು ಉಳಿದ ಎಲ್ಲ ಕುರ್ಚಿ ತುಂಬುತ್ತವೆ. ಸೋಫಾ ಮಾತ್ರ ಹೇಗೂ ಎಂಟಕ್ಕೆ ಖಾಲಿ.

ಅಂಗಡಿಗಳ ಬಗ್ಗೆ ಹೇಳದಿದ್ದರೆ ನಮ್ಮ ಪೇಟೆಯವರು ನನ್ನನ್ನು ಬಿಡುವುದಿಲ್ಲ. ಆನ್‌ಲೈನ್ ಬೇಡ ಅಂತ ನಾನು ಹೇಳಲ್ಲ. ಚಾರ್ಜರ್, ಪುಸ್ತಕ, ಮಿಕ್ಸಿ ಜಾರು ತರಿಸಿಕೊಳ್ಳಿ. ಆದರೆ ಬ್ಲೌಸಿಗೆ ಲೈನಿಂಗ್ ಮೊಬೈಲಲ್ಲಿ ನೋಡಿ ತರಿಸಿ, "ಆಂಟಿ, ಇದು ಮ್ಯಾಚ್ ಆಗ್ತಿಲ್ಲ" ಅಂತ ನನ್ನ ಹತ್ತಿರ ಬಂದು ಅಳಬೇಡಿ. ಲಕ್ಷ್ಮೀ ಬಜಾರಿಗೆ ಸೀರೆ ತಗೊಂಡು ಹೋಗಿ. ಮ್ಯಾಚಿಂಗ್ ಸೆಂಟರಿನವರು ಹತ್ತು ಥಾನು ಇಳಿಸಿ, ಟ್ಯೂಬ್‌ಲೈಟ್ ಬೆಳಕನ್ನು ನಂಬದೆ, ಬಟ್ಟೆಯನ್ನು ಅಂಗಡಿ ಹೊರಗೆ ಬಿಸಿಲಿಗೆ ಹಿಡಿದು ತೋರಿಸುತ್ತಾರೆ. "ಇದಲ್ಲಮ್ಮ, ಇದಕ್ಕಿಂತ ಒಂದು ನೂಲು ಕಡಿಮೆ" ಅಂತ ಬಣ್ಣಕ್ಕೂ ಅಳತೆ ಹೇಳುತ್ತಾರೆ. ಅರ್ಧ ಮೀಟರ್ ಬಟ್ಟೆಗೆ ಅಷ್ಟು ಹೊತ್ತು ಕೊಡುವವರು ಇನ್ನೆಲ್ಲಿ ಸಿಗುತ್ತಾರೆ?

ಸೀರೆ ಅಂದ ಮೇಲೆ ಮೊಳಕಾಲ್ಮೂರು. ನಮ್ಮದೇ ಜಿಲ್ಲೆ, ನಮ್ಮದೇ ಕೈಮಗ್ಗ, ಭೌಗೋಳಿಕ ಸೂಚಕ ಮಾನ್ಯತೆ ಪಡೆದ ರೇಷ್ಮೆ ಸೀರೆ. ಆದರೆ ಮದುವೆ ಬಂದರೆ ನಮ್ಮವರು ಕಾಂಚೀಪುರಂ ಹುಡುಕಿಕೊಂಡು ಬೇರೆ ರಾಜ್ಯಕ್ಕೆ ಹೋಗುತ್ತಾರೆ. ಮೊಳಕಾಲ್ಮೂರು ಸೀರೆಗೆ ಬ್ಲೌಸ್ ಕತ್ತರಿಸುವಾಗ ನನ್ನ ಕತ್ತರಿ ಒಂದು ನಿಮಿಷ ನಿಲ್ಲುತ್ತದೆ, ಅಷ್ಟು ಹದವಾದ ಬಟ್ಟೆ ಅದು. ತಗೊಳ್ಳುವಾಗ ಒಂದು ಎಚ್ಚರ ಇರಲಿ. ಸಿಲ್ಕ್ ಮಾರ್ಕ್ ಅಂದ್ರೆ ರೇಷ್ಮೆ ಅಪ್ಪಟ ಅಂತ ಮಾತ್ರ. ಕೈಮಗ್ಗದ್ದೇ ಅನ್ನೋದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಬೇರೆ ಇದೆ. ಪವರ್‌ಲೂಮ್ ಸೀರೆಗೆ ಮೊಳಕಾಲ್ಮೂರು ಹೆಸರಿಟ್ಟು ಮಾರುವವರೂ ಇದ್ದಾರೆ. ಆಗುವುದಾದರೆ ಮೊಳಕಾಲ್ಮೂರಿಗೇ ಹೋಗಿ, ಮಗ್ಗದ ಮುಂದೆ ನಿಂತು ತಗೊಳ್ಳಿ. ನೇಯುವವರ ಹತ್ತಿರ ಬೆಲೆ ಚೌಕಾಸಿ ಮಾಡುವ ಮೊದಲು ಒಂದು ಗಂಟೆ ನಿಂತು ನೋಡಿ. ಆಮೇಲೆ ಚೌಕಾಸಿ ಮಾಡುವ ಬಾಯಿ ತಾನಾಗೇ ಮುಚ್ಚುತ್ತದೆ.

ಚಳ್ಳಕೆರೆ ಕಡೆಯ ಕಂಬಳಿಯೂ ಹಾಗೇ. ಕುರಿ ಉಣ್ಣೆ ನೂತು, ಮಗ್ಗದ ಉದ್ದದ ಎಳೆಗಳಿಗೆ ಹುಣಸೆಬೀಜದ ಗಂಜಿ ಹಚ್ಚಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಹೊಸದರಲ್ಲಿ ಚುಚ್ಚುತ್ತದೆ, ಸುಳ್ಳು ಹೇಳಲ್ಲ. ಬಳಸ್ತಾ ಬಳಸ್ತಾ ಮೆತ್ತಗಾಗುತ್ತದೆ. ಬಯಲಾಟಕ್ಕೆ ಹಾಸಿಕೊಂಡು ಕೂರೋಕೆ ಅದಕ್ಕಿಂತ ಒಳ್ಳೆಯದು ಇಲ್ಲ, ಇಬ್ಬನಿ ಒಳಗಿಳಿಯಲ್ಲ.

ಬೀದಿ ಬದಿಯ ಹೂವಿನವರು, ಬಳೆ ಗಾಡಿಯವರು, ಸಂಜೆ ಮಿರ್ಚಿ ಹಾಕುವವರು ಇಲ್ಲದೆ ಪೇಟೆ ಪೇಟೆಯೇ ಅಲ್ಲ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ರಸ್ತೆ ಅಗಲ ಮಾಡುವ ಮಾತು ಬಂದಾಗಲೆಲ್ಲ ಈ ಸಮಿತಿಯ ಹೂವಿನಕ್ಕನನ್ನೂ ಕೂರಿಸಿ ಕೇಳಿ. ಯಾವ ಮೂಲೆಯಲ್ಲಿ ಯಾವ ಹೊತ್ತಿಗೆ ಎಷ್ಟು ಜನ ಓಡಾಡುತ್ತಾರೆ ಅಂತ ಅವಳಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿಲ್ಲ.

ಬೆಂಗಳೂರಿನ ಮಕ್ಕಳಿಗೆ ಕೊನೆಗೊಂದು ವಿಷಯ. "ಯಾವಾಗ ಏನಿರುತ್ತೆ ಅಂತ ಗೊತ್ತೇ ಆಗಲ್ಲ ಆಂಟಿ" ಅನ್ನುತ್ತೀರಿ. ಇದನ್ನು ಮಾತ್ರ ನಾನು ಒಪ್ಪುತ್ತೇನೆ. 2011ರ ಜನಗಣತಿಯಲ್ಲೇ 1.45 ಲಕ್ಷ ಜನರಿದ್ದ ಊರು ಇದು. ಆದರೂ ಒಂದು ಬಯಲಾಟದ ಸುದ್ದಿ ಪಕ್ಕದ ಬಡಾವಣೆಗೆ ತಲುಪುವಷ್ಟರಲ್ಲಿ ಆಟವೇ ಮುಗಿದಿರುತ್ತದೆ. ಮೈಕ್ ಕಟ್ಟಿಕೊಂಡ ಆಟೋ ಒಂದು ಸುತ್ತು ಹೊಡೆದು ಹೋಗುತ್ತದೆ, ಅರ್ಧ ಕೇಳಿಸುತ್ತದೆ, ಅರ್ಧ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಬಂದಿದ್ದು ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಮುಚ್ಚಿಹೋಗುತ್ತದೆ. ನಾಯಕನಹಟ್ಟಿ ತೇರು, ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆ ಇಂಥವು ಕ್ಯಾಲೆಂಡರಿನಲ್ಲೇ ಇರುತ್ತವೆ. ಸಣ್ಣವು ಎಲ್ಲಿಯೂ ಇರುವುದಿಲ್ಲ. ಮಜಾ ಇರುವುದು ಸಣ್ಣವುಗಳಲ್ಲೇ.

ಗಾಂಧಿ ಸರ್ಕಲ್ಲಿನಲ್ಲೋ ಬಸ್ ನಿಲ್ದಾಣದಲ್ಲೋ ಒಂದು ಹಲಗೆ ಹಾಕಿ, ಈ ವಾರ ಎಲ್ಲಿ ಏನು ಅಂತ ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಅದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ. ನಗರಸಭೆಯವರು ಮನಸ್ಸು ಮಾಡಿದರೆ ನಾಳೆ ಆಗುತ್ತದೆ.

ಅದು ಆಗುವವರೆಗೆ ನನ್ನ ಅಂಗಡಿ ಪಕ್ಕದ ಗೋಡೆ ಇದೆ. ನಮ್ಮ ಮಾಲೀಕರನ್ನು ಕೇಳಿ ಒಪ್ಪಿಸಿದ್ದೇನೆ. ಬಯಲಾಟದವರು, ಭಜನೆಯವರು, ನಾಟಕದವರು, ಚಿತ್ರ ಬಿಡಿಸುವ ಮಕ್ಕಳು, ಕೋಲಾಟದ ಹೆಂಗಸರು, ಯಾರೇ ಆಗಲಿ, ಕೈಯಲ್ಲಿ ಬರೆದ ಕಾಗದ ತಂದರೂ ಸರಿ, ಅಂಟಿಸಿಕೊಳ್ಳಿ. ತಾರೀಖು, ಜಾಗ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು, ಮಾಡುವವರ ಹೆಸರು, ಇಷ್ಟು ಇರಲಿ. ಅತಿಥಿಗಳ ಹೆಸರು ಬೇಡ. ಗೋಂದು ನನ್ನ ಹತ್ತಿರವೇ ಇದೆ. ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್ ತಂದವರಿಗೆ ಮಾತ್ರ ಕತ್ತರಿಯೂ ನನ್ನ ಹತ್ತಿರವೇ ಇದೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಇಂತಿ,
ದೊಡ್ಡಪೇಟೆಯ ಒಬ್ಬ ಬ್ಲೌಸ್ ಹೊಲಿಯುವವಳು
ಚಿತ್ರದುರ್ಗ